ಕೆನ್ನೆಯ ಮೇಲಿನ ಅಧಿಕೃತ ಚೌಕ

ನಮ್ಮ ಚರ್ಮರೋಗ ಆಸ್ಪತ್ರೆಯ ದಾಖಲೆಗಳ ಪ್ರಕಾರ ಮನುಷ್ಯರ ಚರ್ಮಕ್ಕೆ ಮೂರು ಬಣ್ಣಗಳಿವೆ. ಒಂದನೆಯದು ಹಾಲಿನ ಕೆನೆಯ ಬಣ್ಣ, ಎರಡನೆಯದು ಸುಲಿದ ಬಾದಾಮಿಯ ಬಣ್ಣ, ಮೂರನೆಯದು ಸ್ವಲ್ಪ ಹಳತಾದ ಕಾಗದದ ಬಣ್ಣ. ಸೃಷ್ಟಿಕರ್ತನು ಇನ್ನೂ ಕೆಲವು ಬಣ್ಣಗಳನ್ನು ಮಾಡಿರುವುದು ನಿಜ. ಅವು ಚೌಕಟ್ಟಿನಲ್ಲಿ ಹಿಡಿಸಲಿಲ್ಲ.

ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ದಾಖಲೆ ವಿಭಾಗದಲ್ಲಿ ಗುಮಾಸ್ತನಾಗಿ ಇಪ್ಪತ್ತೆರಡು ವರ್ಷ ಬೇರೆಯವರ ದೂರುಗಳನ್ನು ಬರೆದುಕೊಂಡಿದ್ದೇನೆ. ನಾನಾಗಿ ಒಂದನ್ನೂ ಕೊಟ್ಟವನಲ್ಲ. ಬೆಳಿಗ್ಗೆ ಬೀರು ತೆರೆಯುವ ಮುಂಚೆ ಕೈಮುಗಿಯುತ್ತೇನೆ, ಸಂಜೆ ಬೀಗ ಹಾಕಿದ ಮೇಲೂ ಕೈಮುಗಿಯುತ್ತೇನೆ. ನಡುವೆ ನಡೆಯುವುದೆಲ್ಲ ಭಗವಂತನ ಇಚ್ಛೆ ಮತ್ತು ಸೂಪರಿಂಟೆಂಡೆಂಟ್ ಸಾಹೇಬರ ಸಹಿ.

ಮೊಡವೆ ಬಂದು ಹೋದ ಮೇಲೆ ಕೆನ್ನೆಯಲ್ಲಿ ಉಳಿಯುವ ಗುಳಿಗಳನ್ನು ಸರಿಮಾಡಲು ನಮ್ಮ ಆಸ್ಪತ್ರೆಗೆ ಲೇಸರ್ ಯಂತ್ರ ಬಂತು. ಅದರ ಜೊತೆಗೆ ಒಂದು ಉದ್ದನೆಯ ಬಣ್ಣದ ಪಟ್ಟಿಯೂ ಬಂತು. ಅದರಲ್ಲಿ ಆರು ಬಣ್ಣಗಳು, ಮೇಲಿನಿಂದ ಕೆಳಕ್ಕೆ ಬಿಳಿಯಿಂದ ಕಪ್ಪಿಗೆ. ರೋಗಿಯ ಕೆನ್ನೆಯನ್ನು ಪಟ್ಟಿಯ ಪಕ್ಕ ಹಿಡಿದು, ಯಾವ ಬಣ್ಣ ಹೊಂದುತ್ತದೋ ಆ ಸಂಖ್ಯೆಗೆ ಯಂತ್ರದ ತಿರುಗಣೆ ತಿರುಗಿಸಬೇಕು. ಬಣ್ಣ ಕಪ್ಪಾದಷ್ಟೂ ಯಂತ್ರದ ಶಕ್ತಿ ಕಡಿಮೆಯಾಗಬೇಕು. ಇಷ್ಟೇ.

ಪಟ್ಟಿಯನ್ನು ಗೋಡೆಗೆ ಹಾಕಲು ಚೌಕಟ್ಟು ಬೇಕಲ್ಲ, ಅದನ್ನು ಸಾಹೇಬರು ದೂರದೃಷ್ಟಿಯಿಂದ ಯಂತ್ರ ಬರುವ ಮುಂಚೆಯೇ ಮಾಡಿಸಿಟ್ಟಿದ್ದರು. ಬಡಗಿ ಅಳತೆ ಹಿಡಿದು ನೋಡಿ ತಲೆ ಕೆರೆದುಕೊಂಡ.

"ಸಾರ್, ಪಟ್ಟಿ ಉದ್ದ, ಚೌಕಟ್ಟು ಗಿಡ್ಡ. ಕತ್ತರಿಸ್ಲಾ, ಮಡಿಸ್ಲಾ?"

"ಸರ್ಕಾರಿ ಆಸ್ತಿ ಕತ್ತರಿಸೋ ಹಾಗಿಲ್ಲ. ಮಡಿಸು."

ಹೀಗೆ ನಾಲ್ಕು, ಐದು, ಆರನೆಯ ಬಣ್ಣಗಳು ಹಿಂದಕ್ಕೆ ಮಡಚಿಕೊಂಡು ಗೋಡೆಯ ಕಡೆ ಮುಖ ಮಾಡಿದವು. ಗಾಜು ಕೂತಿತು, ಮೊಳೆ ಬಿತ್ತು, ಆಸ್ತಿ ಸಂಖ್ಯೆ ನಾನೂರ ಹದಿನೇಳು ಎಂದು ನಾನೇ ಚೀಟಿ ಅಂಟಿಸಿದೆ. ಒಮ್ಮೆ ಮೊಳೆ ಹೊಡೆದ ಆಸ್ತಿಯನ್ನು ಬಿಚ್ಚುವ ಅಧಿಕಾರ ಮೂವರ ಸಮಿತಿಗೆ ಮಾತ್ರ ಇದೆ. ಆ ಮೂವರಲ್ಲಿ ಇಬ್ಬರು ನಿವೃತ್ತರು, ಒಬ್ಬರು ಇನ್ನೂ ನೇಮಕವಾಗಬೇಕು.

ನಮ್ಮ ಊರಿನವರೆಲ್ಲ ಕಪ್ಪಗಿದ್ದೇವೆ. ನಾನು ಕಪ್ಪು, ಬಡಗಿ ಕಪ್ಪು, ಸಾಹೇಬರು ನಮ್ಮಿಬ್ಬರಿಗಿಂತ ಒಂದು ಕೈ ಹೆಚ್ಚು. ಆದರೂ ಯಾರ ಮನಸ್ಸಿನಲ್ಲೂ ಅನುಮಾನ ಬರಲಿಲ್ಲ. ಗಾಜಿನ ಹಿಂದೆ ಇರುವುದರ ಬಗ್ಗೆ ನಮ್ಮ ಜನಕ್ಕೆ ಸಹಜವಾಗಿಯೇ ಭಕ್ತಿ ಇದೆ.

ಮೊದಲ ರೋಗಿ ಒಬ್ಬ ಬಸ್ ಡ್ರೈವರ್. ಅವನ ಕೆನ್ನೆಯನ್ನು ಪಟ್ಟಿಯ ಪಕ್ಕ ಹಿಡಿದರೆ ಯಾವುದಕ್ಕೂ ಹೊಂದಲಿಲ್ಲ. 'ಹೊಂದುವುದಿಲ್ಲ' ಎಂದು ಬರೆಯಲು ನಮೂನೆಯಲ್ಲಿ ಜಾಗವಿಲ್ಲ. ಆದ್ದರಿಂದ ಇರುವುದರಲ್ಲಿ ಹತ್ತಿರದ್ದು ಮೂರು ಎಂದು ಬರೆಯಲಾಯಿತು, ಮೂರಕ್ಕೆ ತಿರುಗಿಸಲಾಯಿತು. ಹದಿನೈದು ದಿನ ಬಿಟ್ಟು ಅವನು ಬಂದಾಗ ಎರಡು ಕೆನ್ನೆಯ ಮೇಲೂ ಯಂತ್ರದ ಮೂತಿಯ ಅಚ್ಚಿನಂತೆ ಬೆಂಕಿಪೊಟ್ಟಣದಷ್ಟು ಅಗಲದ ಕಡುಗಪ್ಪು ಚೌಕಗಳಿದ್ದವು. ಗುಳಿಗಳು ಅವುಗಳ ಒಳಗೆ ಸುಖವಾಗಿದ್ದವು.

"ಏನ್ ಸಾರ್ ಇದು? ಪ್ಯಾಸೆಂಜರ್‌ಗಳು ನನ್ನ ಮುಖ ನೋಡಿ ಹಿಂದಿನ ಬಸ್ ಹತ್ತುತಾ ಇದಾರೆ."

ನಾನು ಸಮಾಧಾನವಾಗಿ ನಮೂನೆಯ ಒಂಬತ್ತನೇ ಕಾಲಂ ಓದಿದೆ. "ಚಿಕಿತ್ಸೆಗೆ ಮುಂಚೆ ಇದ್ದ ದೂರು ಈಗಲೂ ಇದೆಯಾ? ಅಂದ್ರೆ, ಗುಳಿಗಳ ದೂರು?"

"ಗುಳಿ ಹಾಳಾಗ್ ಹೋಗ್ಲಿ ಸಾರ್! ಈ ಚೌಕಕ್ಕೆ ಏನ್ ಮಾಡ್ತೀರಿ ಹೇಳಿ."

'ಗುಳಿಗಳ ಬಗ್ಗೆ ರೋಗಿಯ ದೂರು ಇಲ್ಲ' ಎಂದು ಬರೆದೆ. ಅದು ಅಕ್ಷರಶಃ ನಿಜ. ಮುಂದಿನ ಎಲ್ಲ ರೋಗಿಗಳ ವಿಷಯದಲ್ಲೂ ಹಾಗೆಯೇ ಆಯಿತು. ಒಮ್ಮೆ ಯಂತ್ರದ ಕೆಳಗೆ ಮಲಗಿ ಎದ್ದವರು ಮತ್ತೆ ಗುಳಿಯ ಮಾತೆತ್ತಿದ ಒಂದು ಉದಾಹರಣೆಯೂ ನನ್ನ ಕಡತಗಳಲ್ಲಿಲ್ಲ. ನೂರಕ್ಕೆ ನೂರು ಯಶಸ್ಸು ಎಂದು ಸಾಹೇಬರು ಮೇಲಕ್ಕೆ ವರದಿ ಕಳಿಸಿದರು. ಚೌಕದ ನಾಲ್ಕು ಬದಿಯೂ ಸಮವಾಗಿರುವುದರಿಂದ ಯಂತ್ರ ಕರಾರುವಾಕ್ಕಾಗಿ ಕೆಲಸ ಮಾಡುತ್ತಿದೆ ಎಂದೂ ಸೇರಿಸಿದರು.

ಇದನ್ನು ಒಪ್ಪದವರು ಒಬ್ಬರೇ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಡಾಕ್ಟರಮ್ಮ.

"ಸಾರ್, ಅದು ಸುಟ್ಟ ಕಲೆ. ಕಪ್ಪು ಚರ್ಮ ಯಂತ್ರದ ಶಾಖವನ್ನ ಜಾಸ್ತಿ ಹೀರಿಕೊಳ್ಳುತ್ತೆ. ಗಾಯ ಆದ್ರೆ ಮಾಗಿದ ಮೇಲೂ ಅಲ್ಲಿ ಕಪ್ಪು ಉಳಿಯುತ್ತೆ. ನಮ್ಮವರಿಗೆ ಐದೋ ಆರೋ ಇಡಬೇಕು. ಆ ಚೌಕಟ್ಟು ಬಿಚ್ಚಿದ್ರೆ ಅಲ್ಲೇ ಇದೆ."

"ನೀವು ಕಣ್ಣಾರೆ ನೋಡಿದ್ದೀರಾ?"

"ಎಲ್ಲಾ ಪುಸ್ತಕದಲ್ಲೂ ಇದೆ ಸಾರ್."

"ಪುಸ್ತಕ ನಮ್ಮ ಗೋಡೆ ಮೇಲಿಲ್ಲ ತಾಯಿ" ಎಂದು ಸಾಹೇಬರು ಬಹಳ ಮೃದುವಾಗಿ ಹೇಳಿದರು.

ಮಾರನೆಯ ವಾರ ಡಾಕ್ಟರಮ್ಮ ಯಾರನ್ನೂ ಕೇಳದೆ ತಿರುಗಣೆಗೆ ಕೈ ಹಾಕಿ ಐದಕ್ಕೆ ತಿರುಗಿಸಿದ್ದು ಪತ್ತೆಯಾಯಿತು. ಸಾಹೇಬರು ದಯಾಳು, ಶಿಕ್ಷೆ ಕೊಡಲಿಲ್ಲ. ಅವರನ್ನು ಸಾಮಾನು ಕೋಣೆಯಲ್ಲಿರುವ ಹತ್ತಿ ಮತ್ತು ಬ್ಯಾಂಡೇಜುಗಳ ವೈದ್ಯಾಧಿಕಾರಿಯಾಗಿ ನೇಮಿಸಿದರು. ಅದೇ ದಿನ ನೋಟಿಸ್ ಬೋರ್ಡಿನ ಮೇಲೆ ಈ ಪ್ರಕಟಣೆ ಬಂತು. ಕೈಬರಹ ನನ್ನದೇ.

'ಸಾರ್ವಜನಿಕರ ಗಮನಕ್ಕೆ. ಚಿಕಿತ್ಸೆಗೆ ಬರುವವರು ಪಟ್ಟಿಯಲ್ಲಿ ತೋರಿಸಿದ ಮೂರು ಬಣ್ಣಗಳ ಪೈಕಿ ಒಂದನ್ನು ಹೊಂದಿರತಕ್ಕದ್ದು. ಹೊಂದಿಲ್ಲದವರು ಹೊಂದಿರುವುದಾಗಿ ಸ್ವಯಂ ಘೋಷಣೆ ಸಲ್ಲಿಸತಕ್ಕದ್ದು. ಸುಳ್ಳು ಘೋಷಣೆ ನೀಡಿದವರ ಚರ್ಮಕ್ಕೆ ಅವರವರೇ ಜವಾಬ್ದಾರರು.'

ಈ ಹೊತ್ತಿಗೆ ನನ್ನ ಅಕ್ಕನ ಮಗಳು ನನ್ನ ಹತ್ತಿರ ಬಂದಳು.

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಿರಾಕಿಯ ಎದುರು ಕೂತು, ಮೂಗಿನ ಮೇಲೆ ಕನ್ನಡಕ ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ, ಕನ್ನಡಿ ಹಿಡಿಯುವುದು ಅವಳ ಕೆಲಸ. ಅಂದರೆ ದಿನಕ್ಕೆ ಮೂವತ್ತು ಜನ ಒಂದು ಗೇಣು ದೂರದಿಂದ ಅವಳ ಮುಖ ನೋಡುತ್ತಾರೆ. ಅವಳ ಎರಡು ಕೆನ್ನೆಯಲ್ಲೂ ಮೊಡವೆಯ ಗುಳಿಗಳು.

"ದೂರದ್ದು ಕಾಣಲ್ಲ ಅಂತ ಬರೋರಿಗೂ, ಹತ್ತಿರದ್ದು ಕಾಣಲ್ಲ ಅಂತ ಬರೋರಿಗೂ ನನ್ನ ಕೆನ್ನೆ ಮಾತ್ರ ಚೆನ್ನಾಗಿ ಕಾಣುತ್ತೆ ಮಾವ. ಒಬ್ಬರು ನಿಂಬೆಹಣ್ಣು ಉಜ್ಜು ಅಂತಾರೆ, ಇನ್ನೊಬ್ಬರು ಟೂತ್‌ಪೇಸ್ಟ್ ಹಚ್ಚು ಅಂತಾರೆ. ನಿನ್ನೆ ಒಬ್ಬ ಅಜ್ಜಿ, ಕನ್ನಡಕದ ನಂಬರ್ ಹೆಚ್ಚಾಗಿದೆಯಾ ಅಂತ ನೋಡೋಕೆ ನನ್ನ ಗುಳಿ ಎಣಿಸಿದ್ರು."

"ಎಷ್ಟು ಬಂತು?"

"ಮಾವ!"

ಅವಳ ಕಣ್ಣಲ್ಲಿ ನೀರಿತ್ತು. ಚಿಕ್ಕಂದಿನಿಂದ ನನ್ನ ಬೆರಳು ಹಿಡಿದು ಬೆಳೆದ ಮಗು. ಹೆದರಬೇಡ, ನಮ್ಮಲ್ಲಿ ನೂರಕ್ಕೆ ನೂರು ಎಂದೆ. ನಾನು ಬರೆದ ವರದಿಯನ್ನು ನಾನೇ ನಂಬದಿದ್ದರೆ ಭಗವಂತ ಮೆಚ್ಚುತ್ತಾನೆಯೇ? ಕಡತ ತೆರೆದೆ. ಬಣ್ಣ: ಮೂರು.

ಆದರೆ ಹುಡುಗಿ ಚುರುಕು. ಆಸ್ಪತ್ರೆಯ ಮೆಟ್ಟಿಲ ಮೇಲೆ ಡ್ರೈವರ್‌ನ ಮುಖ ನೋಡಿದ್ದಳು. ಮೊದಲು ಬೇರೆ ಕಡೆ ಪರೀಕ್ಷೆ ಮಾಡಿ ತೋರಿಸಿ ಎಂದು ಹಟ ಹಿಡಿದಳು. ಅದಕ್ಕೂ ನಿಯಮವಿದೆ. ಪರೀಕ್ಷೆಯನ್ನು ಯಾರಿಗೂ ಕಾಣದ ಜಾಗದಲ್ಲಿ, ಅಂದರೆ ಕಿವಿಯ ಹಿಂದೆ ಮಾಡಬೇಕು; ಫಲಿತಾಂಶವನ್ನು ರೋಗಿಯ ಎದುರು ಕುಳಿತು ಗಮನಿಸಬೇಕು. ಹದಿನೈದು ದಿನದ ನಂತರ ಎದುರು ಕುಳಿತು ಗಮನಿಸಿದೆ. 'ಯಾವ ಅಡ್ಡ ಪರಿಣಾಮವೂ ಕಂಡುಬಂದಿಲ್ಲ' ಎಂದು ಬರೆದೆ.

ಮಾರನೇ ದಿನ ಅವಳು ನನ್ನನ್ನು ಅಂಗಡಿಗೆ ಕರೆಸಿ, ಒಂದು ಕನ್ನಡಿ ಮುಂದೆ, ಒಂದು ಕನ್ನಡಿ ಹಿಂದೆ ಹಿಡಿದಳು. ಕಿವಿಯ ಹಿಂದೆ ಕಪ್ಪು ಚೌಕ.

"ಇದನ್ನ ಮುಖದ ಮೇಲೆ ಹಾಕಿಸ್ಕೋ ಅಂತೀಯಾ?"

"ಕಿವಿ ಹಿಂದೆ ಕತ್ತಲೆ ಇರುತ್ತಮ್ಮ, ಅದಕ್ಕೆ ಹಾಗೆ ಕಾಣುತ್ತೆ. ಮುಖದ ಮೇಲಾದ್ರೆ ದೇವರ ಬೆಳಕು ಬೀಳುತ್ತೆ."

"ದೇವರ ಬೆಳಕು ಎಷ್ಟು ಬೇಕಾದ್ರೂ ಬೀಳಲಿ. ನಿಮ್ಮ ಯಂತ್ರದ ಬೆಳಕು ಬೇಡ. ನನ್ನ ಕಡತ ಮುಚ್ಚಿಬಿಡು."

ಕಡತ ಮುಚ್ಚುವುದು ಸುಲಭವಲ್ಲ. ನಮ್ಮಲ್ಲಿ ತೆರೆದ ಕಡತ ಎರಡೇ ಕಾರಣಕ್ಕೆ ಮುಚ್ಚುತ್ತದೆ: ಒಂದು ಗುಣ, ಇನ್ನೊಂದು ಮರಣ. ಇದನ್ನು ಅಕ್ಕನಿಗೆ ತಿಳಿಸಿದಾಗ ಅವಳು ಸೌಟು ಹಿಡಿದುಕೊಂಡೇ ಹೊರಬಂದಳು.

"ನನ್ನ ಮಗಳನ್ನ ಎರಡರಲ್ಲಿ ಯಾವುದಕ್ಕೆ ಸೇರಿಸ್ತೀಯೋ? ಹೇಳೋ!"

"ಎಲ್ಲಾ ಅವನ ಕೈಲಿದೆ ಅಕ್ಕ."

"ಯಾರ ಕೈಲಿ? ಆ ಸೂಪರಿಂಟೆಂಡೆಂಟ್ ಕೈಲಾ?"

ನಾನು ಭಗವಂತನ ಬಗ್ಗೆ ಹೇಳಿದ್ದೆ. ತಿದ್ದಲು ಹೋಗಲಿಲ್ಲ, ಸೌಟು ಬಿಸಿಯಾಗಿತ್ತು.

ಸಮಸ್ಯೆ ಇಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಆ ವರ್ಷದ ಗುರಿ ಇನ್ನೂರು ರೋಗಿಗಳು. ಇನ್ನೂರು ಮುಟ್ಟಿದರೆ ಎರಡನೇ ಯಂತ್ರ ಮಂಜೂರು, ಸಾಹೇಬರಿಗೆ ನಿರ್ದೇಶಕರ ಪದವಿ. ಡ್ರೈವರ್ ಮೊದಲನೆಯವನು, ನನ್ನ ಅಕ್ಕನ ಮಗಳು ಇನ್ನೂರನೆಯವಳು. ಡ್ರೈವರ್‌ನ ಮುಖ ಊರೆಲ್ಲ ಸುತ್ತುತ್ತಿದ್ದುದರಿಂದ ಇನ್ನೂರ ಒಂದನೆಯವರು ಬರುವ ಲಕ್ಷಣವಿರಲಿಲ್ಲ.

ಅವಳ ಕಡತ ತೆರೆದೇ ಇತ್ತು, ಅವಳು ಮಾತ್ರ ಬೇರೆ ಬಾಗಿಲಿನಿಂದ ಬರತೊಡಗಿದಳು. ಸೋಮವಾರ ಅಂಗಡಿಗೆ ರಜೆ. ಪ್ರತಿ ಸೋಮವಾರ ಅವಳು ಅಗಲವಾದ ಕೊಡೆ ಹಿಡಿದು ಹಿಂಬಾಗಿಲಿನಿಂದ ಸಾಮಾನು ಕೋಣೆಗೆ ಹೋಗುತ್ತಿದ್ದಳು. ಹತ್ತಿಯ ಮೂಟೆಗಳ ನಡುವೆ ಡಾಕ್ಟರಮ್ಮ ಒಂದು ಸ್ಟೂಲು, ಒಂದು ದೀಪ ಇಟ್ಟುಕೊಂಡಿದ್ದರು. ಕೆಲವು ವಾರಕ್ಕೊಮ್ಮೆ ಸಣ್ಣ ಸೂಜಿಗಳಿಂದ ಗುಳಿಗಳನ್ನು ಮೆಲ್ಲಗೆ ಚುಚ್ಚುವುದು, ಉಳಿದ ವಾರ ಬರೀ ನೋಡುವುದು, ಎಲ್ಲಾದರೂ ಕಪ್ಪಾಗುತ್ತಿದೆ ಅನ್ನಿಸಿದರೆ ನಿಲ್ಲಿಸಿ ಕಾಯುವುದು, ದಿನಾ ರಾತ್ರಿಗೆ ಒಂದು ಮುಲಾಮು, ಬಿಸಿಲಿಗೆ ಹೋಗುವ ಮುಂಚೆ ಇನ್ನೊಂದು.

"ಪೂರ್ತಿ ಹೋಗಲ್ಲಮ್ಮ, ಮೊದಲೇ ಹೇಳ್ತೀನಿ. ಅರ್ಧಕ್ಕಿಂತ ಹೆಚ್ಚು ತುಂಬುತ್ತೆ. ನಮ್ಮ ಚರ್ಮಕ್ಕೆ ಅವಸರ ಆಗಲ್ಲ, ಅಷ್ಟೇ" ಎಂದು ಅವರು ಹೇಳಿದ್ದನ್ನು ನಾನು ಬಾಗಿಲ ಸಂದಿಯಲ್ಲಿ ಕೇಳಿಸಿಕೊಂಡೆ. ಇಷ್ಟು ಕಡಿಮೆ ಭರವಸೆ ಕೊಡುವ ವೈದ್ಯರನ್ನು ನಾನು ಕಂಡಿರಲಿಲ್ಲ. ಅವರಿಗಾಗಿ ಪ್ರಾರ್ಥಿಸಿದೆ.

ಎಂಟನೇ ತಿಂಗಳಿಗೆ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳು ಅವಳ ಕೆನ್ನೆ ಬಿಟ್ಟು ಕನ್ನಡಕದ ಬೆಲೆಯ ಬಗ್ಗೆ ಮಾತಾಡತೊಡಗಿದರು. ಅವರಲ್ಲಿ ನಮ್ಮ ಸಾಹೇಬರೂ ಒಬ್ಬರು. ಹೊಸ ಕನ್ನಡಕದಲ್ಲಿ ಅವರಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಮಾರನೇ ದಿನ ಬೆಳಿಗ್ಗೆ ನನ್ನನ್ನು ಕರೆದು ಹೇಳಿಬರೆಸಿದರು.

'ವಿಷಯ: ಅನುಮತಿಯಿಲ್ಲದೆ ಗುಣಮುಖರಾಗಿರುವ ಬಗ್ಗೆ. ಕಡತ ಸಂಖ್ಯೆ ಇನ್ನೂರರ ರೋಗಿಯಾದ ತಾವು ನಿಗದಿತ ಯಂತ್ರಕ್ಕೆ ಒಳಪಡದೆ ತಮ್ಮ ಮುಖದಲ್ಲಿ ಸುಧಾರಣೆಯನ್ನು ಕೈಗೊಂಡಿರುವುದು ಗಮನಕ್ಕೆ ಬಂದಿರುತ್ತದೆ. ಮೇಲಧಿಕಾರಿಗಳ ಪರಿಶೀಲನೆಯ ದಿನ ಸದರಿ ಮುಖವನ್ನು ಅಧಿಕೃತ ಚೌಕದೊಂದಿಗೆ ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ಅದೇ ದಿನ ಸ್ಥಳದಲ್ಲೇ ಚೌಕವನ್ನು ನೀಡಲಾಗುವುದು, ಮತ್ತು ಸುಧಾರಣೆಗೆ ಕಾರಣರಾದ ವೈದ್ಯರನ್ನು ಸೇವೆಯಿಂದ ವಜಾ ಮಾಡಲಾಗುವುದು.'

ನೋಟಿಸ್ ಬರೆದವನೂ ನಾನೇ, ತಲುಪಿಸಿದವನೂ ನಾನೇ. ಅವಳು ಎರಡು ಸಲ ಓದಿದಳು.

"ಹೋಗಲ್ಲ ಅಂದ್ರೆ?"

"ಡಾಕ್ಟರಮ್ಮನ ಕೆಲಸ ಹೋಗುತ್ತೆ."

"ಹೋದ್ರೆ?"

"ಮುಖ ಹೋಗುತ್ತೆ."

ಅವಳು ಕೆನ್ನೆ ಮುಟ್ಟಿ ನೋಡಿಕೊಂಡಳು. ಎಂಟು ತಿಂಗಳು ಬಿಸಿಲಿಗೆ ತೋರಿಸದೆ ಕಾಪಾಡಿದ ಕೆನ್ನೆ. "ಮಾವ, ನಿನ್ನ ದೇವರನ್ನ ಕೇಳಿ ಏನಾದ್ರೂ ಮಾಡು" ಎಂದಳು. ಅವಳು ಎಂದೂ ಹಾಗೆ ಹೇಳಿದವಳಲ್ಲ.

ಕೇಳಿದೆ. ಪರಿಶೀಲನೆಗೆ ಹದಿನಾರು ದಿನಗಳಿದ್ದವು. ಭಗವಂತಾ, ಕೆನ್ನೆಯ ಮೇಲೆ ನಾನೇ ಒಂದು ಚೌಕ ಬರೆದರೆ ಅದು ಸುಳ್ಳಾಗುತ್ತದೆಯೇ ಎಂದು ಬೆಳಿಗ್ಗೆ ಸಂಜೆ ವಿನಂತಿಸಿಕೊಂಡೆ. ಅವನು ಏನೂ ಹೇಳಲಿಲ್ಲ. ನಮ್ಮ ಕಚೇರಿ ಪದ್ಧತಿಯಲ್ಲಿ ಹದಿನೈದು ದಿನದೊಳಗೆ ಆಕ್ಷೇಪಣೆ ಬಾರದಿದ್ದರೆ ಒಪ್ಪಿಗೆ ಇದೆ ಎಂದು ಅರ್ಥ. ಹದಿನಾರನೇ ದಿನ ಬೆಳಿಗ್ಗೆ ಎಂಟಕ್ಕೆ ಅಕ್ಕನ ಮನೆಗೆ ಹೋದೆ. ಆಫೀಸಿನ ಸ್ಕೇಲು ನನ್ನದು, ಹುಬ್ಬಿನ ಪೆನ್ಸಿಲು ಅವಳದು.

"ಅಲುಗಾಡಬೇಡ."

"ನಗು ಬರ್ತಿದೆ ಮಾವ, ಸ್ಕೇಲು ತಣ್ಣಗಿದೆ."

"ನಗಬೇಡ, ಗೆರೆ ಸೊಟ್ಟಗಾಗುತ್ತೆ. ಇದು ಸರ್ಕಾರಿ ಕೆಲಸ."

ಅಕ್ಕ ಪಕ್ಕದಲ್ಲಿ ನಿಂತು, "ಎಡಗಡೆದು ಸ್ವಲ್ಪ ಚಿಕ್ಕದಾಯ್ತು ನೋಡೋ" ಎಂದಳು. ತಿದ್ದಿ, ಒಳಗೆಲ್ಲ ಸಮವಾಗಿ ಕಪ್ಪು ತುಂಬಿದೆ. ಇಪ್ಪತ್ತೆರಡು ವರ್ಷ ರಿಜಿಸ್ಟರಿನಲ್ಲಿ ಗೆರೆ ಎಳೆದ ಕೈ. ನಾಲ್ಕು ಮೂಲೆಯೂ ಕತ್ತರಿಸಿಟ್ಟ ಹಾಗೆ ಬಂತು.

ಪರಿಶೀಲನಾಧಿಕಾರಿಗಳು ಬಂದಾಗ ಇನ್ನೂರು ಜನ ವರಾಂಡದಲ್ಲಿ ಸಾಲಾಗಿ ನಿಂತಿದ್ದರು. ನೂರ ತೊಂಬತ್ತೊಂಬತ್ತು ಮುಖಗಳನ್ನು ಅವರು ನಡೆಯುತ್ತಲೇ ನೋಡಿದರು. ಇನ್ನೂರನೆಯದರ ಮುಂದೆ ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸಾಹೇಬರು ಬೆವರಿದರು. ನಾನು ದೇವರ ಹೆಸರು ಹೇಳಿಕೊಂಡೆ. ಸಾಮಾನು ಕೋಣೆಯ ಬಾಗಿಲಲ್ಲಿ ಡಾಕ್ಟರಮ್ಮ ಕೈಯಲ್ಲಿ ಹತ್ತಿಯ ಉಂಡೆ ಹಿಡಿದು ನಿಂತಿದ್ದರು.

"ಇದು..." ಎಂದರು ಅಧಿಕಾರಿಗಳು. "ಇದು ಚೌಕ! ಅಂಚು ನೋಡ್ರಿ. ಬಣ್ಣ ಎಷ್ಟು ಸಮ ಇದೆ ನೋಡ್ರಿ. ಉಳಿದೋರಿಗೆಲ್ಲ ಯಾಕ್ರೀ ಹೀಗೆ ಬಂದಿಲ್ಲ?"

"ಈಕೆ ಇತ್ತೀಚಿನವಳು ಸಾರ್. ನಮ್ಮ ಕೈ ಪಳಗಿದೆ" ಎಂದರು ಸಾಹೇಬರು.

"ಚೌಕದ ಸುತ್ತ ಇರೋ ಚರ್ಮ ಕೂಡ ನುಣ್ಣಗಿದೆಯಲ್ಲ, ಅದು ಹೇಗೆ?"

ಸಾಹೇಬರು ನನ್ನ ಮುಖ ನೋಡಿದರು. ನಾನು ಕೈಮುಗಿದು, "ಸುತ್ತಲಿನ ಚರ್ಮ ನಮ್ಮ ಕಡತದ ವ್ಯಾಪ್ತಿಗೆ ಬರೋದಿಲ್ಲ ಸಾರ್" ಎಂದೆ. ಅವರು ತಲೆಯಾಡಿಸಿದರು. ವ್ಯಾಪ್ತಿಗೆ ಬಾರದ್ದನ್ನು ನೋಡುವ ಅಭ್ಯಾಸ ಅವರಿಗಿಲ್ಲ.

ಆಗ ಸಾಲಿನ ಮೊದಲಿನಿಂದ ಡ್ರೈವರ್ ಕೂಗಿದ. "ಸಾರ್, ನಾನು ಮೊದಲನೆಯವನು ಸಾರ್! ನಂದು ನೋಡಿ, ಒಂದು ಮೂಲೆ ಗದ್ದಕ್ಕೆ ಜಾರಿದೆ. ಅವಳಿಗೆ ಮಾತ್ರ ಅಷ್ಟು ನೀಟಾಗಿ ಹಾಕಿದ್ದೀರಿ. ಇದ್ಯಾವ ನ್ಯಾಯ?" ಕೂಡಲೇ ಉಳಿದವರೂ ದನಿಗೂಡಿಸಿದರು. ತನ್ನದು ಸೊಟ್ಟ ಎಂದು ಒಬ್ಬರು, ಎರಡು ಕೆನ್ನೆಗೂ ಅಳತೆ ಒಂದೇ ಇಲ್ಲ ಎಂದು ಇನ್ನೊಬ್ಬರು. ನ್ಯಾಯಕ್ಕಾಗಿ ಜನ ಒಂದಾಗುವುದನ್ನು ಕಂಡು ನನ್ನ ಕಣ್ಣು ತುಂಬಿತು.

ಅಧಿಕಾರಿಗಳು ಅಲ್ಲೇ ಆದೇಶ ಮಾಡಿದರು. ಇನ್ನೂರನೇ ರೋಗಿಯ ಕೆನ್ನೆಯ ಚಿತ್ರ ತೆಗೆದು ಮಾದರಿ ಚೌಕವೆಂದು ಎಲ್ಲ ಆಸ್ಪತ್ರೆಗಳಿಗೆ ಕಳಿಸತಕ್ಕದ್ದು. ಮಾದರಿಗೆ ಹೊಂದದ ಚೌಕಗಳನ್ನು ಕೈಯಿಂದ ತಿದ್ದಲು ಒಬ್ಬ ಚೌಕ ತಿದ್ದುಗಾರನನ್ನು ನೇಮಿಸತಕ್ಕದ್ದು. ಎರಡನೇ ಯಂತ್ರವನ್ನು ಮಂಜೂರು ಮಾಡತಕ್ಕದ್ದು.

ಸಾಹೇಬರು ನಿರ್ದೇಶಕರಾದರು. ಡಾಕ್ಟರಮ್ಮ ಹತ್ತಿಯೊಂದಿಗೆ ಸಾಮಾನು ಕೋಣೆಯಲ್ಲೇ ಉಳಿದರು. ಅಲ್ಲಿಗೆ ಸೋಮವಾರ ಈಗ ಹಿಂಬಾಗಿಲಿನಿಂದ ಐದಾರು ಕೊಡೆಗಳು ಬರುತ್ತವೆಂದು ಕೇಳಿದ್ದೇನೆ. ವ್ಯಾಪ್ತಿಗೆ ಬಾರದ್ದರಿಂದ ನೋಡಿಲ್ಲ. ಅಕ್ಕನ ಮಗಳು ತಿಂಗಳಿಗೊಮ್ಮೆ ಮಾದರಿಯಾಗಿ ಹಾಜರಿ ಹಾಕಬೇಕು. ಆ ದಿನ ಬೆಳಿಗ್ಗೆ ನಾನು ಗೆರೆ ಎಳೆಯುತ್ತೇನೆ, ಮಧ್ಯಾಹ್ನ ಅವಳು ಸೋಪು ಹಾಕಿ ತೊಳೆದು ಅಂಗಡಿಗೆ ಹೋಗುತ್ತಾಳೆ. ಚೌಕ ತಿದ್ದುಗಾರನ ಹುದ್ದೆಗೆ ಭಗವಂತ ನನ್ನನ್ನೇ ಆರಿಸಿದ. ನನಗೆ ಈಗ ಪ್ರತ್ಯೇಕ ಕೋಣೆ, ಮೇಜು, ಎರಡು ಬಗೆಯ ಪೆನ್ಸಿಲುಗಳಿವೆ. ಡ್ರೈವರ್‌ನ ಮೂಲೆಯನ್ನು ಸರಿಮಾಡಿಕೊಟ್ಟೆ. ಅವನು ಕನ್ನಡಿಯಲ್ಲಿ ನೋಡಿಕೊಂಡು, "ಈಗ ಮುಖಕ್ಕೊಂದು ಕಳೆ ಬಂತು ಸಾರ್" ಎಂದ. ಬಸ್ಸಿನಲ್ಲೂ ಜನ ಹತ್ತುತ್ತಿದ್ದಾರಂತೆ. ಚೌಕವಿಲ್ಲದ ಡ್ರೈವರುಗಳನ್ನು ಕಂಡರೆ, ಇವರು ಇನ್ನೂ ಚಿಕಿತ್ಸೆ ತೆಗೆದುಕೊಂಡಿಲ್ಲವೇ ಎಂದು ಕೇಳುತ್ತಾರಂತೆ.

ಎರಡನೇ ಯಂತ್ರ ಶುರುವಾದ ದಿನ ಮೊದಲು ಬಂದವರು ಒಬ್ಬ ಲೆಕ್ಕದ ಮೇಷ್ಟ್ರು. ಕೆನ್ನೆಯ ತುಂಬ ಗುಳಿ, ಸ್ವಯಂ ಘೋಷಣೆ ಕೈಯಲ್ಲಿ. ಯಂತ್ರದ ಕೋಣೆಗೆ ಹೋಗುವ ಮುಂಚೆ ನನ್ನ ಮೇಜಿನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು.

"ಅಲ್ಲಾ ಸಾರ್, ಕೊನೆಗೆ ಗೆರೆ ಹಾಕೋದು ನೀವೇ ಅಲ್ವಾ? ಒಳಗೆ ಹೋಗಿ ಸುಡಿಸ್ಕೊಳ್ಳೋದು ಬಿಟ್ಟು ನೇರವಾಗಿ ಚೌಕ ಬರೆದುಕೊಟ್ಟುಬಿಡಿ. ಬೇಕಾದ್ರೆ ನಾನೇ ಬರ್ಕೋತೀನಿ, ಕಾಂಪಾಸ್ ಬಾಕ್ಸ್ ಇದೆ."

"ನನ್ನ ಹುದ್ದೆ ತಿದ್ದುಗಾರನದು ಮೇಷ್ಟ್ರೇ. ಇರೋದನ್ನ ತಿದ್ದಬಹುದು. ಇಲ್ಲದ್ದನ್ನ ಹೇಗೆ ತಿದ್ದಲಿ?"

ಮೇಷ್ಟ್ರು ಲೆಕ್ಕ ಬಲ್ಲವರು, ಹೇಳಿದ ತಕ್ಷಣ ಅರ್ಥವಾಗುತ್ತದೆ.

"ಅದೂ ಸರಿ" ಎಂದರು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಒಳಗೆ ನಡೆದರು. ಬಾಗಿಲು ಮುಚ್ಚಿತು, ಯಂತ್ರ ಗುಂಯ್‌ಗುಟ್ಟಿತು. ನಾನು ಪೆನ್ಸಿಲು ಚೂಪು ಮಾಡಿಟ್ಟುಕೊಂಡು, ಅವರ ಮೂಲೆಗಳು ಆದಷ್ಟು ನೇರವಾಗಿ ಬರಲಿ ಎಂದು ಕಣ್ಣು ಮುಚ್ಚಿ ಪ್ರಾರ್ಥಿಸಿದೆ.